ರಟ್ಟಿನೊಳಗೆ ಹೋದ ಹೆಂಗಸರ ಪುಟ

ಗ್ರಂಥಪಾಲಕಿಯಾಗಿ ನಾನು ಅತಿ ಹೆಚ್ಚು ಸಲ ಆಡಿದ ಮಾತು 'ಇಲ್ಲಮ್ಮ' ಎಂಬುದು. ಇಲ್ಲಮ್ಮ, ಬೇರೆಯವರು ತಗೊಂಡು ಹೋಗಿದ್ದಾರೆ. ಇಲ್ಲಮ್ಮ, ಬೈಂಡಿಂಗಿಗೆ ಹೋಗಿದೆ. ಇಲ್ಲಮ್ಮ, ಅದು ಇತಿಹಾಸ ವಿಭಾಗದ ಮುಖ್ಯಸ್ಥರ ಮನೆಯಲ್ಲಿದೆ, ಅಲ್ಲಿಗೆ ಹೋದ ಪುಸ್ತಕ ಕಾಶಿಗೆ ಹೋದ ಹಾಗೆ. ನನ್ನ ತಂಗಿಯ ಮಗಳು ಈಗ ಒಂದು ಕಾಲೇಜಿನಲ್ಲಿ ಇದೇ ಕೆಲಸಕ್ಕೆ ಸೇರಿದ್ದಾಳೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುತ್ತದೆ ದೊಡ್ಡಮ್ಮ, ನಿಮ್ಮ ಹಾಗೆ ಧೂಳು ಕುಡಿಯಬೇಕಾಗಿಲ್ಲ ಎನ್ನುತ್ತಾಳೆ. ಸಿಗಲಿ, ಸಂತೋಷ. ಒಳಗೆ ಹಾಕಿದ್ದು ಸಿಗುತ್ತದೆ. ಹಾಕದೇ ಬಿಟ್ಟದ್ದು ಎಲ್ಲಿಂದ ಸಿಗಬೇಕು? ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನಗಳ ವಿಷಯ ಇದರಲ್ಲಿಲ್ಲ. ಶಾಲು ಒಂದು ಬಂತು, ನಿವೃತ್ತಿಯ ದಿನ. ಚುಚ್ಚುತ್ತದೆಂದು ಅದನ್ನು ಹೊದೆಯುವುದಿಲ್ಲ.

ನಾನು ಕೆಲಸ ಮಾಡಿದ್ದು ಚಾಮರಾಜಪೇಟೆಯಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಕಾಲೇಜು ಹುಟ್ಟುವುದಕ್ಕೂ ಮೊದಲು, ಸ್ವಾತಂತ್ರ್ಯ ಬರುವುದಕ್ಕೂ ಮೊದಲು, ಅದೇ ಟ್ರಸ್ಟಿನವರು ಆ ಬೀದಿಯಲ್ಲಿ ಒಂದು ವಾಚನಾಲಯ ಇಟ್ಟಿದ್ದರಂತೆ. ಅಲ್ಲಿನ ಹಳೆಯ ವಾರಪತ್ರಿಕೆಗಳ ಸಂಪುಟಗಳು, ಮೈಸೂರು ಸರ್ಕಾರದ ಗೆಜೆಟ್ಟುಗಳು, ಎಲ್ಲ ಬೈಂಡಾಗಿ ನಮ್ಮ ಗ್ರಂಥಾಲಯದ ಹಿಂಬದಿಯ ಕೋಣೆಗೆ ಬಂದು ಕೂತಿದ್ದವು. ಕಬ್ಬಿಣದ ಕಪಾಟುಗಳು, ಒಂದು ಕಿಟಕಿ, ಆ ಕಿಟಕಿಯಾಚೆ ಪಕ್ಕದ ಮನೆಯವರು ಒಣಹಾಕುತ್ತಿದ್ದ ಹಪ್ಪಳ. ಆ ಕೋಣೆಗೆ ಹುಡುಗಿಯರು ಬರುತ್ತಿದ್ದದ್ದು ಡಬ್ಬಿ ಬಿಚ್ಚಿ ಊಟ ಮಾಡುವುದಕ್ಕೆ.

ನನಗೆ ಕೆಲಸ ಕಲಿಸಿದವರು ರಾಯರು. ಅಚ್ಚುಕಟ್ಟಾದ ಮನುಷ್ಯ. ಪಂಚೆಯ ನೆರಿಗೆಯೂ ಕಾರ್ಡುಗಳ ಸಾಲೂ ಒಂದೇ ಶಿಸ್ತು. ಆದರೆ ಹೆಂಗಸು ಎಂಬ ಪದ ಯಾವ ಪುಸ್ತಕದ ಮೇಲಿದ್ದರೂ ಅದನ್ನು ಸೀದಾ ಗೃಹವಿಜ್ಞಾನದ ಕಪಾಟಿಗೆ ಇಡುತ್ತಿದ್ದರು. ಊದುಬತ್ತಿ ಹೊಸೆಯುವ ಹೆಂಗಸರ ಕೂಲಿಯ ಮೇಲೆ ಒಂದು ವರದಿ ಬಂದಿತ್ತು. ಅದು ಉಪ್ಪಿನಕಾಯಿ ಹಾಕುವ ವಿಧಾನದ ಪಕ್ಕದಲ್ಲಿ ಕೂತಿತು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಪುಸ್ತಕ ಹೊಲಿಗೆಯ ಪುಸ್ತಕದ ಪಕ್ಕದಲ್ಲಿ. ನಾನು ಹೊಸಬಳು, ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ಹೆಂಗಸು ಅಂದ್ಮೇಲೆ ಮನೆ. ಮನೆ ಅಂದ್ಮೇಲೆ ಗೃಹವಿಜ್ಞಾನ. ಇದ್ರಲ್ಲಿ ಕಷ್ಟ ಏನಿದೆಯಮ್ಮಾ?"

ಕಷ್ಟವೇನೂ ಇರಲಿಲ್ಲ ಅವರಿಗೆ. ಅವರು ನಿವೃತ್ತರಾದ ಮೇಲೆ ನಾನು ಆ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಸಮಾಜಶಾಸ್ತ್ರಕ್ಕೆ, ಕಾನೂನಿಗೆ, ಇತಿಹಾಸಕ್ಕೆ ಸೇರಿಸಿದೆ. ಗೃಹವಿಜ್ಞಾನದವರು ಬಂದು ತಮ್ಮ ಕಪಾಟು ಖಾಲಿಯಾಯಿತೆಂದು ಜಗಳವಾಡಿ ಹೋದರು.

ತೊಂಬತ್ತರ ದಶಕದ ನಡುವೆ ನಮ್ಮ ಕಾಲೇಜಿಗೆ ಮಹಿಳಾ ಅಧ್ಯಯನ ಎಂಬ ಐಚ್ಛಿಕ ಪತ್ರಿಕೆ ಬಂತು. ಪಾಠ ಹೇಳಲು ಬಂದವಳು ವಿಮಲಾ, ಅರೆಕಾಲಿಕ ಉಪನ್ಯಾಸಕಿ, ಮಲ್ಲೇಶ್ವರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಅವಳ ಕ್ಲಾಸಿಗೆ 'ಅತ್ತೆ-ಸೊಸೆ ಕ್ಲಾಸು' ಎಂದು ಹೆಸರಿಟ್ಟಿದ್ದರು. ಓದುವ ಹುಡುಗಿಯರೆಲ್ಲ ಕನ್ನಡ ಮಾಧ್ಯಮದವರು. ದೆಹಲಿಯಿಂದ, ಹೊರದೇಶದಿಂದ ಬಂದ ಇಂಗ್ಲಿಷ್ ಪುಸ್ತಕಗಳನ್ನು ಅವಳು ಮೇಜಿನ ಮೇಲೆ ಹರಡಿದರೆ ಅವರು ಹಬ್ಬದ ಬಟ್ಟೆ ನೋಡುವಂತೆ ಮುಟ್ಟಿ ನೋಡಿ ಎದ್ದುಹೋಗುತ್ತಿದ್ದರು. ವಿಮಲಾ ನನ್ನ ಮುಂದೆ ಬಂದು ಕೂತು ಹೇಳಿದಳು, ಇವರಿಗೆ ಇವರ ಬೀದಿಯ ಹೆಂಗಸರು ಬರೆದದ್ದು ಬೇಕು ಮೇಡಂ, ಅದನ್ನು ಹುಡುಕಿಕೊಡಿ ಎಂದು. ಬೇರೆಯ ಉಪನ್ಯಾಸಕರು ಪುಸ್ತಕದ ಹೆಸರು ಹೇಳಿ ತರಿಸಿ ಎನ್ನುತ್ತಿದ್ದರು. ಹುಡುಕಿಕೊಡಿ ಎಂದವಳು ಇವಳೊಬ್ಬಳೇ. ನನಗೆ ಹುರುಪು ಬಂತು. ಆ ಹುರುಪಿಗೆ ನನ್ನ ವಯಸ್ಸು ಮೀರಿತ್ತು, ಆದರೂ ಬಂತು.

ಆ ಕ್ಲಾಸಿನಲ್ಲಿ ಜಯಶ್ರೀ ಎಂಬ ಹುಡುಗಿಯಿದ್ದಳು. ಕಾಲೇಜಿನಿಂದ ನಾಲ್ಕು ಬೀದಿ ಆಚೆ ಮನೆ. ಕಡೆಯ ವರ್ಷದಲ್ಲಿ ಒಬ್ಬೊಬ್ಬರೂ ಒಂದು ಚಿಕ್ಕ ಪ್ರಬಂಧ ಬರೆಯಬೇಕಿತ್ತು, ಮೂಲ ಆಕರ ತೋರಿಸಿ. ಆಕರ ಎಂದರೆ ಅಚ್ಚಾದದ್ದು, ಯಾರು ಬರೆದದ್ದು, ಎಲ್ಲಿ ಬಂದದ್ದು ಎಂದು ಬೆರಳಿಟ್ಟು ತೋರಿಸಲು ಆಗುವಂಥದ್ದು. ಜಯಶ್ರೀ ಆರಿಸಿಕೊಂಡದ್ದು ತನ್ನ ಅಜ್ಜಿಯನ್ನು. ಅಜ್ಜಿ ಪದ್ಮಾವತಮ್ಮ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಆಗ ಸಣ್ಣ ವಯಸ್ಸಿನ ಸೊಸೆ, ಒಂದು ವಾರಪತ್ರಿಕೆಯ ಹೆಂಗಸರ ಪುಟದಲ್ಲಿ 'ಅಕ್ಕನ ಮಾತು' ಎಂಬ ಅಂಕಣ ಬರೆಯುತ್ತಿದ್ದರಂತೆ. ಓದುಗರ ಪ್ರಶ್ನೆಗೆ ಉತ್ತರ. ಕೆಲವು ತಿಂಗಳು ನಡೆಯಿತಂತೆ. ಒಂದು ದಿನ ಗಂಡ ಮನೆಯಲ್ಲಿದ್ದ ಪತ್ರಿಕೆಗಳನ್ನೆಲ್ಲ ಬಚ್ಚಲೊಲೆಗೆ ಹಾಕಿದರಂತೆ. ಅಲ್ಲಿಗೆ ಮುಗಿಯಿತು. ಆ ಪತ್ರಿಕೆಯೂ ಆಮೇಲೆ ನಿಂತುಹೋಯಿತು.

ಮನೆಯಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ. ಜಯಶ್ರೀಯ ಅಪ್ಪನಿಗೆ ತನ್ನ ತಾಯಿ ಸಾಮಾನಿನ ಚೀಟಿಗಿಂತ ಹೆಚ್ಚಿಗೆ ಬರೆದದ್ದು ನೋಡಿದ ನೆನಪಿಲ್ಲ. "ಅಮ್ಮಂಗೆ ವಯಸ್ಸಾಯ್ತು, ಏನೋ ಹೇಳ್ತಾರೆ ಬಿಡಿ" ಎಂದು, ನಾನು ಅವರ ಮನೆಗೆ ಹೋದಾಗ, ನನ್ನೆದುರಿಗೇ ಹೇಳಿದರು, ತಾಯಿ ಅಲ್ಲೇ ಕೂತಿದ್ದಾಗ. ಪದ್ಮಾವತಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ. ನಾನು ಹೊರಡುವಾಗ ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದರು:

"ಒಂದೇ ಒಂದು ಸಿಕ್ಕಿದ್ರೂ ಸಾಕಮ್ಮ. ಹೆಸರು ಇರೋದು. ನಾನೇ ಒಂದೊಂದ್ಸಲ ಸುಳ್ಳು ಹೇಳ್ತಿದೀನೇನೋ ಅನ್ನಿಸ್ಬಿಡುತ್ತೆ."

ಹುಡುಗಿಯ ಪ್ರಬಂಧ ಎರಡನೆಯ ಮಾತು. ಈ ಮುದುಕಿಯ ಕೈಗೆ ಅವರ ಹೆಸರಿರುವ ಒಂದು ಹಾಳೆ ಇಡಬೇಕು, ಅವರು ಕಣ್ಣು ಮುಚ್ಚುವುದರೊಳಗೆ. ಕೆಲಸದಲ್ಲಿ ಅಷ್ಟು ಸ್ಪಷ್ಟವಾಗಿ ನನಗೆ ಬೇಕೆನ್ನಿಸಿದ್ದು ಇನ್ನೊಂದಿಲ್ಲ.

ಮಾರನೆಯ ದಿನವೇ ಹಿಂಬದಿಯ ಕೋಣೆಗೆ ಹೋದೆವು. ಆ ವಾರಪತ್ರಿಕೆಯ ಯುದ್ಧಕಾಲದ ಸಂಪುಟಗಳು ನಮ್ಮಲ್ಲೇ ಇದ್ದವು. ಅಯ್ಯೋ, ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕುವುದು ತಪ್ಪಿತು ಎಂದು ನಕ್ಕೆವು. ಮುಖಪುಟದ ಒಳಗಿನ ಪರಿವಿಡಿಯಲ್ಲಿ 'ಅಕ್ಕನ ಮಾತು' ಎಂದು ಕಪ್ಪಗೆ ಅಚ್ಚಾಗಿದೆ, ಪುಟಸಂಖ್ಯೆ ಸಹಿತ, ಬರೆದವರ ಹೆಸರಿಲ್ಲ. ಜಯಶ್ರೀ ಆ ಪುಟ ತಿರುವಿದಳು. ಇಲ್ಲ. ಆ ಸಂಖ್ಯೆಯ ಹಿಂದಿನ ಪುಟ ಇದೆ, ಅದಾದ ಮೇಲೆ ನಾಲ್ಕು ಪುಟ ಹಾರಿ ಮುಂದಿನದು. ಮುಂದಿನ ವಾರದ್ದು ನೋಡಿದರೂ ಹಾಗೆಯೇ. ಅದರ ಮುಂದಿನ ವಾರವೂ ಹಾಗೆಯೇ. ಹರಿದದ್ದಲ್ಲ, ಕತ್ತರಿಸಿದ್ದೂ ಅಲ್ಲ, ಹೊಲಿಗೆ ಹಾಕುವಾಗಲೇ ಅವು ಇರಲಿಲ್ಲ. ಜಾಹೀರಾತುಗಳೂ ಇರಲಿಲ್ಲ. ಆಗ ನನಗೆ ರಾಯರ ಪಾಠ ನೆನಪಾಯಿತು. ಪತ್ರಿಕೆಗಳನ್ನು ಬೈಂಡಿಗೆ ಕೊಡುವಾಗ ಸಂಪುಟ ದಪ್ಪ ಆಗದಿರಲೆಂದು ಜಾಹೀರಾತು, ಪದಬಂಧ, ಹೆಂಗಸರ ಪುಟ, ಮಕ್ಕಳ ಪುಟ ತೆಗೆಸುವುದು ಹಳೆಯ ಪದ್ಧತಿ. ಅವರಿಗಿಂತ ಮುಂಚಿನವರೂ ಹಾಗೆಯೇ ಮಾಡುತ್ತಿದ್ದರಂತೆ. ಅದಕ್ಕೆ 'ತೆಳು ಮಾಡುವುದು' ಎನ್ನುತ್ತಿದ್ದರು. ಗಂಭೀರವಾದದ್ದು ಉಳಿಯಬೇಕು, ಮಿಕ್ಕದ್ದು ಹೋಗಬೇಕು. ಯಾರದೂ ಕೆಟ್ಟ ಮನಸ್ಸಲ್ಲ. ಕಪಾಟಿನಲ್ಲಿ ಜಾಗ ಇರಲಿಲ್ಲ, ಅಷ್ಟೆ.

ಬೇರೆ ಕಡೆ ಇದ್ದೀತು ಎಂದು ಅಲೆದೆವು. ವಿಮಲಾ, ನಾನು, ಜಯಶ್ರೀ, ಮೂವರೂ. ಶೇಷಾದ್ರಿಪುರದ ಒಂದು ಹಳೆಯ ವಾಚನಾಲಯದಲ್ಲಿ ಅದೇ ಸಂಪುಟ ಸಿಕ್ಕಿತು, ಅದರಲ್ಲೂ ಅದೇ ನಾಲ್ಕು ಪುಟ ಹಾರಿತ್ತು. ಮಲ್ಲೇಶ್ವರದಲ್ಲಿ ಒಬ್ಬರ ಮನೆಯಲ್ಲಿ ರಾಶಿ ಇದೆ ಎಂದರು. ಹೋದರೆ ಹಿಂದಿನ ದೀಪಾವಳಿಗೆ ಮನೆಗೆ ಸುಣ್ಣ ಹೊಡೆಸುವಾಗ ರದ್ದಿಯವನಿಗೆ ಹಾಕಿದ್ದರು. ಗಾಂಧಿ ಬಜಾರಿನ ಹಿಂದೆ ಒಂದು ಮನೆಯಲ್ಲಿ ಮಾತ್ರ ಹೆಂಗಸರ ಪುಟಗಳೇ ಇದ್ದವು, ನಿಜ. ಆ ಮನೆಯ ಹಿರಿಯಾಕೆ ರಂಗೋಲಿಯನ್ನೂ ಅಡುಗೆಯನ್ನೂ ಚೌಕವಾಗಿ ಕತ್ತರಿಸಿ ತೆಗೆದು, ಉಳಿದ ಹಾಳೆಯನ್ನು ಡಬ್ಬಗಳ ಕೆಳಗೆ ಹಾಸಿದ್ದರು. ಹಾಸಿದ್ದು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನಮ್ಮ ಕೆಲಸ. ಸಂಜೆ ವಾಪಸು ಬರುವಾಗ ವಿಮಲಾ ಬಸ್ಸಿನ ಕಂಬಿ ಹಿಡಿದು ನಿಂತುಕೊಂಡು, ನಾನು ಏನು ಪಾಠ ಹೇಳಲಿ ಮೇಡಂ, ಖಾಲಿ ಪುಟ ತೋರಿಸಿ ಪಾಠ ಹೇಳಲಾ ಎಂದಳು.

ಆ ವರ್ಷದ ಬೇಸಿಗೆಯಲ್ಲಿ ಯಾರೋ ಮೋಟರ್ ಹಾಕಿ ಆರಿಸುವುದನ್ನು ಮರೆತರು. ತೊಟ್ಟಿ ತುಂಬಿ ನೀರು ಗೋಡೆಯಿಂದಿಳಿದು ಹಿಂಬದಿಯ ಕೋಣೆಯ ಒಂದು ಕಪಾಟಿಗೆ ಹೋಯಿತು. ನೆನೆದದ್ದು ಗೆಜೆಟ್ಟಿನ ಒಂದು ಸಂಪುಟ. ಬಿಸಿಲಿಗಿಡಲೆಂದು ಎತ್ತಿಕೊಂಡೆ. ಅದರ ರಟ್ಟು ನನ್ನ ಕೈಯಲ್ಲಿ ಹಪ್ಪಳದ ಹಾಗೆ ಪದರ ಪದರ ಬಿಚ್ಚಿಕೊಂಡಿತು. ಪದರದ ಮೇಲೆ ಅಕ್ಷರಗಳಿದ್ದವು. ಹತ್ತಿರ ಹಿಡಿದು ನೋಡಿದರೆ ಹೆಣ್ಣುಮಗಳೊಬ್ಬಳ ಚಿತ್ರ, ಅದರ ಕೆಳಗೆ ಮಗುವಿನ ಕೆಮ್ಮಿಗೆ ಮನೆಮದ್ದು. ಮೇಲ್ಗಡೆ 'ಹೆಂಗಸರ ಪುಟ' ಎಂದು ದಪ್ಪಕ್ಷರ.

ಆ ಹಾಳೆ ಒಣಗಿದ್ದೇ ತಡ, ಅದನ್ನು ಹಿಡಿದುಕೊಂಡು ಬೈಂಡರ್ ಅಂಗಡಿಗೆ ಹೊರಟೆ.

ನಮ್ಮ ಬೈಂಡಿಂಗ್ ಕೆಲಸವನ್ನು ಹಳೆಯ ವಾಚನಾಲಯದ ಕಾಲದಿಂದಲೂ ಮಾಡುತ್ತಿದ್ದದ್ದು ಮಾಮೂಲ್‌ಪೇಟೆಯ ಒಂದು ಗಲ್ಲಿಯ ಗುರುಶಾಂತಪ್ಪನವರ ಮನೆತನ. ಆಗ ಗುರುಶಾಂತಪ್ಪನವರಿಗೇ ಅರವತ್ತು ದಾಟಿತ್ತು. ವಿಭೂತಿ, ಬಿಳಿ ಬನಿಯನ್ನು, ಬೆರಳ ಸಂದಿನಲ್ಲಿ ಒಣಗಿದ ಗೋಂದು. ಹಾಳೆ ತೋರಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಯುದ್ಧದ ಕಾಲದಲ್ಲಿ ರಟ್ಟು ಸಿಗುತ್ತಿರಲಿಲ್ಲವಂತೆ. ತೆಗೆದುಹಾಕಿದ ಹಾಳೆಗಳನ್ನೇ ಒಂದರ ಮೇಲೊಂದು ಅಂಟಿಸಿ, ಕಲ್ಲು ಹೇರಿ, ಒಣಗಿಸಿ ರಟ್ಟು ಮಾಡುತ್ತಿದ್ದರಂತೆ. ಹುಡುಗನಾಗಿದ್ದಾಗ ಗೋಂದು ಬಳಿಯುವುದು ಇವರದೇ ಕೆಲಸ. ಗೋಂದಿಗೆ ಮೈಲುತುತ್ತ ಹಾಕುತ್ತಿದ್ದೆವು, ಹುಳ ಮುಟ್ಟುವುದಿಲ್ಲ, ಹಾಳೆ ಗಟ್ಟಿಮುಟ್ಟಾಗಿರುತ್ತದೆ ನೋಡಿ ಎಂದರು. ನಮ್ಮ ಹಾಳೆ ಯಾರ ಪುಸ್ತಕಕ್ಕೆ ಹೋಗಿರಬಹುದೆಂದು ಕೇಳಿದೆ. ಅವರಿಗೆ ಸ್ವಲ್ಪ ಬೇಜಾರೇ ಆಯಿತು.

"ಏನ್ ಹಂಗಂತೀರ ಮೇಡಂ? ನಿಮ್ಮ ಕಾಗ್ದ ನಿಮ್ಮ ಪುಸ್ತಕಕ್ಕೇ ಹಾಕಿರ್ತೀವಿ. ಒಬ್ರ ಕಾಗ್ದ ಇನ್ನೊಬ್ರ ಪುಸ್ತಕಕ್ಕೆ ಹಾಕಿದ್ರೆ ನಮ್ಮಪ್ಪ ಸುಮ್ನಿರ್ತಿದ್ರಾ? ಒಂದ್ ಚೂರೂ ಆಚೆ ಹೋಗಿಲ್ಲ."

ಒಂದು ಚೂರೂ ಆಚೆ ಹೋಗಿಲ್ಲ. ಅವೆನ್ಯೂ ರಸ್ತೆಯ ಗದ್ದಲದಲ್ಲಿ ಆ ಮಾತನ್ನು ಬಾಯಲ್ಲೇ ಹೇಳಿಕೊಳ್ಳುತ್ತ ನಡೆದೆ. ಊರೆಲ್ಲ ಅಲೆದೆವಲ್ಲ, ಎಲ್ಲ ಹಾಳೆಗಳೂ ನಮ್ಮ ಕೋಣೆಯಲ್ಲೇ ಇವೆ. ಗೋಡೆಗೆ ಒರಗಿ ನಿಂತ ಗೆಜೆಟ್ಟುಗಳ ರಟ್ಟಿನೊಳಗೆ. ನಮ್ಮ ಹುಡುಗಿಯರು ಆ ಕಪಾಟಿಗೆ ಬೆನ್ನು ಕೊಟ್ಟು ಚಿತ್ರಾನ್ನ ತಿನ್ನುತ್ತಿದ್ದರು.

ನೆನೆದ ಸಂಪುಟದ ಎರಡು ರಟ್ಟುಗಳನ್ನೂ ವಿಮಲಾ, ಜಯಶ್ರೀ, ನಾನು ಬೋಗುಣಿ ನೀರಿನಲ್ಲಿಟ್ಟು ಬಿಡಿಸಿದೆವು. ಹಿಂಬದಿಯ ರಟ್ಟಿನಲ್ಲಿ ಬರೀ ಸಾಬೂನಿನ ಜಾಹೀರಾತು. ಮುಂದಿನದರಲ್ಲಿ ಅಡುಗೆ, ಹೊಲಿಗೆ, ಮನೆಮದ್ದು, ಮತ್ತೆ ಅಡುಗೆ. ಕಡೆಯ ಪದರದ ಕೆಳತುದಿಯಲ್ಲಿ 'ಅಕ್ಕನ ಮಾತು'. ಜಯಶ್ರೀ ನನ್ನ ತೋಳು ಹಿಡಿದುಕೊಂಡಳು. ಒಂದು ಪ್ರಶ್ನೆ ಪೂರ್ತಿ ಇತ್ತು: ಅಕ್ಕಾ, ನಾನು ಲೋವರ್ ಸೆಕೆಂಡರಿವರೆಗೆ ಓದಿದ್ದೇನೆ. ಮದುವೆಯಾದ ಮೇಲೆ ಓದಲು ಪುಸ್ತಕ ಕೊಡುವುದಿಲ್ಲ. ಕದ್ದು ಓದಿದರೆ ಬೈಯುತ್ತಾರೆ. ಓದಿದ್ದೆಲ್ಲ ಮರೆತುಹೋಗುತ್ತಿದೆ. ಏನು ಮಾಡಲಿ? ಅದರ ಕೆಳಗೆ, ಉತ್ತರ ಮುಂದಿನ ಪುಟದಲ್ಲಿ ಎಂದಿತ್ತು. ಹಾಳೆಯ ಬೆನ್ನಿಗಿದ್ದದ್ದು ಹಿಂದಿನ ಪುಟ, ಮುಂದಿನ ಪುಟದ ಹಾಳೆ ಆ ರಟ್ಟಿನಲ್ಲಿರಲಿಲ್ಲ. ಅಂಕಣ ಬರೆದವರ ಹೆಸರು ಅಂಕಣದ ಕೊನೆಗೆ, ಎಂದರೆ ಅದೂ ಮುಂದಿನ ಪುಟದಲ್ಲೇ.

ಒಣಗಿದ ಹಾಳೆಯನ್ನು ಮಡಿಸದೆ ರಟ್ಟಿನ ನಡುವೆ ಇಟ್ಟುಕೊಂಡು ಪದ್ಮಾವತಮ್ಮನವರ ಮನೆಗೆ ಹೋದೆವು. ಅವರ ಕಣ್ಣು ಮಂಜಾಗಿತ್ತು, ಜಯಶ್ರೀಯೇ ಓದಿ ಹೇಳಿದಳು. ಇದಕ್ಕೆ ಏನು ಉತ್ತರ ಬರೆದಿದ್ದಿರಿ, ನೆನಪಿದೆಯಾ ಎಂದು ನಾನು ಕೇಳಿದೆ.

"ಪ್ರಶ್ನೆನೂ ನಂದೇ ಕಣಮ್ಮ" ಎಂದರು. "ಮೊದಮೊದ್ಲು ಯಾರೂ ಬರೀತಿರ್ಲಿಲ್ಲ. ಪ್ರಶ್ನೆ ಇಲ್ದೆ ಉತ್ತರ ಹೆಂಗ್ ಬರೆಯೋದು? ಅದಕ್ಕೆ ನಾನೇ ಕೇಳ್ಕೊಂಡೆ."

"ಉತ್ತರ ಏನಜ್ಜಿ?" ಎಂದಳು ಜಯಶ್ರೀ.

"ಅದೇ ಮರ್ತ್ಹೋಗಿದೆ. ಪ್ರಶ್ನೆ ಮಾತ್ರ ಮರೀಲಿಲ್ಲ ನೋಡು."

ಜಯಶ್ರೀಯ ಅಪ್ಪ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದರಲ್ಲಿ ಅಮ್ಮನ ಹೆಸರೆಲ್ಲಿದೆ ಎಂದು ಕೇಳಿದರು. ಕೆಟ್ಟವರಲ್ಲ ಪಾಪ, ಬ್ಯಾಂಕಿನ ಗುಮಾಸ್ತರು. ಸಹಿ ಇಲ್ಲದ ಕಾಗದವನ್ನು ನಂಬಿ ಅವರಿಗೆ ಅಭ್ಯಾಸವಿಲ್ಲ. ಪದ್ಮಾವತಮ್ಮ ಹಾಳೆಯ ಮೇಲೆ ಬೆರಳಾಡಿಸಿ, ಇನ್ನೊಂದು ಪುಟ ಸಿಗುತ್ತೇನಮ್ಮ ಎಂದು ನನ್ನನ್ನು ಕೇಳಿದರು. ಸಿಗುತ್ತೆ ಎಂದೆ. ಜೀವಮಾನವೆಲ್ಲ 'ಇಲ್ಲಮ್ಮ' ಎಂದು ಬಂದವಳು ಅವತ್ತು ಸಿಗುತ್ತೆ ಎಂದೆ, ಏಕೆಂದರೆ ಅದು ಎಲ್ಲಿದೆಯೆಂದು ನನಗೆ ಗೊತ್ತಿತ್ತು.

ಗೊತ್ತಿದ್ದರೆ ಆಯಿತೆ? ನೆನೆದ ಸಂಪುಟದ ಅಕ್ಕಪಕ್ಕದವು, ಒಟ್ಟಿಗೆ ಬೈಂಡಾದವು, ರಟ್ಟಿಗೆ ಒಂದೇ ಬಣ್ಣದ ಕ್ಯಾಲಿಕೊ ಬಟ್ಟೆ ಹೊದಿಸಿದವು, ಒಂದಷ್ಟು ಇದ್ದವು. ಅವುಗಳ ರಟ್ಟು ಬಿಚ್ಚಲು ಅನುಮತಿ ಕೊಡಿ, ಗುರುಶಾಂತಪ್ಪನವರು ಹೊಸ ರಟ್ಟು ಹಾಕಿಕೊಡುತ್ತಾರೆ ಎಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ. ಕರೆದರು. ಎದುರಿಗೆ ಕೂರಿಸಿ ಕಾಫಿ ತರಿಸಿದರು. ಕಾಫಿ ಕೊಟ್ಟರೆಂದಾಗಲೇ ನನಗೆ ಅರ್ಥವಾಗಬೇಕಿತ್ತು.

"ನೋಡಿ ಮೇಡಂ, ಗೆಜೆಟ್ ಅಂದ್ರೆ ಸರ್ಕಾರಿ ದಾಖಲೆ. ನಾಳೆ ಸ್ಟಾಕ್ ನೋಡೋಕೆ ಬಂದೋರು ಇದ್ಯಾಕೆ ಹರಿದಿದೆ ಅಂದ್ರೆ ನಾನೇನ್ ಹೇಳ್ಲಿ? ರಟ್ಟಿನೊಳಗೆ ಹೆಂಗಸರ ಪುಟ ಹುಡುಕ್ತಿದ್ರು ಅಂತ ಹೇಳ್ಲಾ?"

ಹಾಗೆಯೇ ಹೇಳಿ ಸಾರ್, ಅದು ನಿಜ ತಾನೆ ಎಂದೆ. ಅವರು ನಕ್ಕರು. ನೆನೆದ ಸಂಪುಟಕ್ಕೇ ನನ್ನಿಂದ ವಿವರಣೆ ಕೇಳಿ ಮೆಮೊ ಬಂದಿತ್ತು, ಅದನ್ನು ಮೆಲ್ಲಗೆ ನೆನಪಿಸಿದರು. ಆ ಗೆಜೆಟ್ಟುಗಳನ್ನು ಯಾರಾದರೂ ಓದುವುದಿರಲಿ, ಬಿಡಿಸಿ ಮೂಸಿದ್ದನ್ನೂ ನಾನು ಕಂಡಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಟ್ರಸ್ಟಿಗೆ ಬರೆದೆ, ಉತ್ತರ ಬರಲಿಲ್ಲ. ಮತ್ತೆ ಬರೆದೆ. ಪ್ರಿನ್ಸಿಪಾಲರ ಮೂಲಕ ಬರೆಯಿರಿ ಎಂದು ಬಂತು. ಅವರ ಮೂಲಕ ಬರೆದೆ, ಅದು ಅವರ ಮೇಜಿನ ಮೇಲೆ ಮಲಗಿತು. ಇಷ್ಟರಲ್ಲಿ ಹಿಂಬದಿಯ ಕೋಣೆಯ ಕಪಾಟುಗಳಿಗೆ ಹೊಸ ಬೀಗ ಬಂತು, ಅದರ ಕೈ ಆಫೀಸಿಗೆ ಹೋಯಿತು. ಪುಸ್ತಕ ಹರಿಯುವ ಗ್ರಂಥಪಾಲಕಿ ಎಂದು ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ಹಬ್ಬಿತ್ತು.

ಜಯಶ್ರೀ ಆ ಅರ್ಧ ಅಂಕಣವನ್ನೇ ಇಟ್ಟುಕೊಂಡು ಪ್ರಬಂಧ ಬರೆದಳು. ಹೊರಗಿನಿಂದ ಬಂದ ಪರೀಕ್ಷಕರು ಹಾಳೆಯನ್ನು ಬೆಳಕಿಗೆ ಹಿಡಿದು, ಯಾವ ಸಂಚಿಕೆ, ಲೇಖಕರು ಯಾರು ಎಂದು ಕೇಳಿದರು. ಅವಳು ನಮ್ಮಜ್ಜಿ ಎಂದಳು. ಅದನ್ನು ತೋರಿಸಮ್ಮ ಎಂದರು. ಪಾಸಾಗುವಷ್ಟು ಅಂಕ ಬಂತು. ವಿಮಲಾ ಹೊರಗೆ ವರಾಂಡದಲ್ಲಿ ಅವಳ ಬೆನ್ನು ಸವರುತ್ತ ನಿಂತಿದ್ದಳು. ಯಾರ ಕಣ್ಣಲ್ಲೂ ನೀರಿರಲಿಲ್ಲ. ಅದಕ್ಕಿಂತ ಅತ್ತಿದ್ದರೆ ವಾಸಿಯಿತ್ತು.

ಪದ್ಮಾವತಮ್ಮ ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಸುದ್ದಿ ಕೇಳಿ ಹೋದೆ. ಜಯಶ್ರೀಯ ಅಪ್ಪ ಬಾಗಿಲಲ್ಲೇ ಕೈಮುಗಿದು, ಕೊನೆಗೆ ನಿಮ್ಮ ವಿಷಯವೇ ಕೇಳುತ್ತಿದ್ದರು ಎಂದರು. ಏನು ಕೇಳುತ್ತಿದ್ದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗೊತ್ತಿದ್ದದ್ದನ್ನು ಏನು ಕೇಳುವುದು? ಕೊಠಡಿಯ ಬೀಗದ ಕೈ ನನ್ನ ಸೊಂಟದ ಗೊಂಚಲಲ್ಲೇ ಇತ್ತು, ಕಪಾಟಿನದು ಆಫೀಸಿನಲ್ಲಿ. ಆ ಕಪಾಟಿನಿಂದ ಈ ಬಾಗಿಲಿಗೆ ನಾಲ್ಕು ಬೀದಿ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಮನಸ್ಸಿಲ್ಲ. ಎರಡು ಸಾವಿರ ಇಸವಿ ದಾಟಿದ ಮೇಲೆ ಹುಡುಗಿಯರೆಲ್ಲ ಬಿ.ಕಾಂ. ಕಡೆಗೆ ಹೋದರು. ಮಹಿಳಾ ಅಧ್ಯಯನಕ್ಕೆ ಸೇರುವವರಿಲ್ಲವೆಂದು ನಿಲ್ಲಿಸಿದರು. ವಿಮಲಾಳಿಗೆ ಮುಂದಿನ ವರ್ಷದ ಕರೆ ಬರಲಿಲ್ಲ, ಅರೆಕಾಲಿಕದವರನ್ನು ತೆಗೆಯಲು ಪತ್ರವೂ ಬೇಕಾಗಿಲ್ಲ, ಕರೆಯದಿದ್ದರೆ ಸಾಕು. ಕಾರ್ಡುಗಳು ಹೋಗಿ ಕಂಪ್ಯೂಟರ್ ಬಂತು. ಕಂಪ್ಯೂಟರಿಗೆ ಏರಿಸಲು ಬಂದ ಏಜೆನ್ಸಿಯ ಹುಡುಗಿಯರು ಹಳೆಯ ಸಂಪುಟಗಳನ್ನು ಏರಿಸಲಿಲ್ಲ, ಅವುಗಳಿಗೆ ಬಾರ್‌ಕೋಡ್ ಅಂಟುತ್ತಿರಲಿಲ್ಲ. ಏರಿಸದೇ ಇದ್ದದ್ದು ಇಲ್ಲವೆಂದೇ ಲೆಕ್ಕ. ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಆ ಕೋಣೆಯನ್ನು ಕಂಪ್ಯೂಟರ್ ಲ್ಯಾಬ್ ಮಾಡುವುದೆಂದು ತೀರ್ಮಾನವಾಯಿತು. ಗೆಜೆಟ್ಟುಗಳಿಗೆ 'ವಜಾ' ಮೊಹರು ಒತ್ತಲು ಹೇಳಿದರು. ಹಿಂದೆ ನನ್ನ ಕಾಗದ ಮಲಗಿದ್ದ ಮೇಜಿನ ಮುಂದೆ ಈಗ ಬೇರೆ ಪ್ರಿನ್ಸಿಪಾಲರು. ಹೊಸಬರು, ಮರ್ಯಾದಸ್ಥ ಹೆಂಗಸು.

"ರಟ್ಟು ಬೇಕಾ ಮೇಡಂ? ತಗೊಂಡ್ಹೋಗಿ, ಎಷ್ಟ್ ಬೇಕಾದ್ರೂ ತಗೊಂಡ್ಹೋಗಿ. ಮಧ್ಯಾಹ್ನ ರದ್ದಿಯವನ ಟೆಂಪೊ ಬರುತ್ತೆ, ಅಷ್ಟರಲ್ಲಿ ಮಾಡ್ಕೊಳಿ."

ಅಷ್ಟು ವರ್ಷ ಬೇಡಿದ್ದನ್ನು ಒಂದು ಮಾತಿನಲ್ಲಿ ಕೊಟ್ಟುಬಿಟ್ಟರು. ನಾನು ಆ ಕೋಣೆಯಲ್ಲಿ ನಿಂತು ನೋಡಿದೆ. ಗೋಡೆಯುದ್ದಕ್ಕೂ ಗೆಜೆಟ್ಟು. ನನ್ನ ಕೈಗಳು ಎರಡು. ನೆನೆದ ಸಂಪುಟದ ಪಕ್ಕದವು ಯಾವುವೆಂದು ನೆನಪಿತ್ತು, ಆದರೆ ಲ್ಯಾಬಿನವರು ಅಳತೆ ಮಾಡುವಾಗ ಎಲ್ಲವನ್ನೂ ಅತ್ತಿತ್ತ ಸರಿಸಿ ಕಲಸಿಬಿಟ್ಟಿದ್ದರು. ಬಣ್ಣ ನೋಡಿ ಕೈಗೆ ಹತ್ತಿದವನ್ನು ಆರಿಸಿ ಆಟೋಗೆ ಹಾಕಿಕೊಂಡೆ. ಉಳಿದವು ಟೆಂಪೊದಲ್ಲಿ ಹೋದವು. ಹಗ್ಗ ಬಿಗಿಯುವಾಗ ಲೋಡಿನವನು ಒಂದು ಸಂಪುಟದ ಮೇಲೆ ಕಾಲಿಟ್ಟು, ಏನ್ ಗಟ್ಟಿ ಬೈಂಡಿಂಗ್ ಗುರು ಎಂದು ಮೆಚ್ಚಿಕೊಂಡ.

ಮನೆಯಲ್ಲಿ ಬಟ್ಟೆ ಒಗೆಯುವ ಟಬ್ಬಿನಲ್ಲಿ ನೀರು ತುಂಬಿಸಿ ಒಂದೊಂದೇ ರಟ್ಟು ನೆನೆಹಾಕಿದೆ. ನಮ್ಮ ಯಜಮಾನರು ಏನೂ ಕೇಳದೆ ಪೇಪರು ಹಿಡಿದು ಆಚೆ ಕೂತರು. ಸಾಬೂನು, ಕೇಶತೈಲ, ಸಾಬೂನು, ಪರೀಕ್ಷಾ ವೇಳಾಪಟ್ಟಿ. ಒಂದು ರಟ್ಟಿನಲ್ಲಿ ಮಾತ್ರ ಹೆಂಗಸರ ಪುಟ. ನೀಲಿಗಟ್ಟಿದ ಗೋಂದನ್ನು ಬೆರಳಿನಿಂದ ಜಾರಿಸುತ್ತ ಬಂದಾಗ ಪುಟದ ಮೇಲ್ತುದಿಯಲ್ಲಿ ಕಾಣಿಸಿತು: ಲೋವರ್ ಸೆಕೆಂಡರಿ ಓದಿದ ತಂಗಿಗೆ. ಅದರ ಕೆಳಗೆ ಐದಾರು ಸಾಲು. ಅದರ ಕೆಳಗೆ, ಅಂಕಣದ ಕೊನೆಯಲ್ಲಿ, ಕೆ. ಪದ್ಮಾವತಮ್ಮ, ಚಾಮರಾಜಪೇಟೆ.

ಓದಿದೆ. ಇನ್ನೊಂದು ಸಲ ಓದಿದೆ. ಆಮೇಲೆ ಹಾಳೆಯನ್ನು ಒಂದು ಟವೆಲಿನ ಮೇಲೆ ಒಣಗಲು ಹಾಸಿದೆ.

ಜಯಶ್ರೀಯ ನಂಬರ್ ವಿಮಲಾಳಿಂದ ಸಿಕ್ಕಿತು. ಈಗ ಅವಳಿಗೂ ಸಂಸಾರ. ರಾಜಾಜಿನಗರದಲ್ಲಿ ಮನೆ, ಒಂದು ಚಿಟ್ ಫಂಡ್ ಆಫೀಸಿನಲ್ಲಿ ಕೆಲಸ. ಫೋನು ಮಾಡಿದಾಗ ಅವಳ ಹಿಂದೆ ಪ್ರೆಶರ್ ಕುಕ್ಕರಿನ ಸದ್ದು ಬರುತ್ತಿತ್ತು. ಸಿಕ್ಕಿತು ಕಣಮ್ಮ, ಹೆಸರೂ ಇದೆ ಎಂದೆ. ಅಪ್ಪನೂ ಹೋಗಿಬಿಟ್ಟರು ಮೇಡಂ, ಯಾರಿಗೆ ತೋರಿಸುವುದು ಎಂದಳು. ಓದಲೇ ಎಂದು ಕೇಳಿದೆ. ಓದಿ ಎಂದಳು. ಓದಿದೆ:

ತಂಗಿ, ನಿನ್ನ ಕಷ್ಟ ನನಗೆ ತಿಳಿಯುತ್ತದೆ. ಆದರೆ ಹಿರಿಯರ ಮನಸ್ಸು ನೋಯಿಸಿ ಓದಿದ ಓದು ತಲೆಗೆ ಹತ್ತುವುದಿಲ್ಲ. ಮನೆಯ ಕೆಲಸದಲ್ಲಿ ಲೋಪ ಬರದಂತೆ ನೋಡಿಕೋ. ನಿನ್ನ ಒಳ್ಳೆಯ ನಡತೆ ಕಂಡು ಅವರೇ ಒಂದು ದಿನ ನಿನ್ನ ಕೈಗೆ ಪುಸ್ತಕ ಕೊಡುತ್ತಾರೆ. ಸ್ವಲ್ಪ ಕಾಲ ಸಹನೆಯಿಂದ ಕಾದಿರು.

ಕುಕ್ಕರ್ ಮತ್ತೊಂದು ಸಲ ಕೂಗಿತು. ಅವಳು ಆರಿಸಲು ಹೋಗಲಿಲ್ಲ.

"ಎಷ್ಟು ಕಾಲ ಅಂತ ಏನಾದ್ರೂ ಬರೆದಿದಾರಾ ಮೇಡಂ?" ಎಂದಳು.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ.

"ಇಲ್ಲಮ್ಮ" ಎಂದೆ.